ಮತಗಟ್ಟೆಯಲ್ಲಿ ಮುಖದ ಗುರುತು

೨೦೨೪ನೆಯ ಇಸವಿಯ ಮೇ ೭ರಂದು ಬಳ್ಳಾರಿ ಲೋಕಸಭಾ ಕ್ಷೇತ್ರದಲ್ಲಿ ಮತದಾನ ನಡೆಯಿತು. ಆ ದಿನ ಕೂಡ್ಲಿಗಿ ತಾಲ್ಲೂಕು ಹೊಸಹಳ್ಳಿ ಹೋಬಳಿಯ ಒಂದು ಶಾಲೆಯಲ್ಲಿ ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ, ಎಂದರೆ ಜನರ ಬಾಯಲ್ಲಿ ಪ್ರಿಸೈಡಿಂಗ್ ಆಫೀಸರಾಗಿ, ಕುಳಿತುಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವವನಿಗೆ ಬೆಳಕು, ಮಸೂರ, ಪ್ರತಿಬಿಂಬ ಇವೆಲ್ಲ ಪರಿಚಿತವಾದ ವಿಷಯಗಳು. ಆದರೆ ಒಂದು ಪ್ರತಿಬಿಂಬವನ್ನು ಕೈಯಲ್ಲಿ ಹಿಡಿದು, ಎದುರಿಗೆ ನಿಂತ ಮನುಷ್ಯನೊಡನೆ ಹೋಲಿಸಿ, ಆತನ ಹಕ್ಕನ್ನು ತೀರ್ಮಾನಿಸುವ ಪ್ರಸಂಗ ಅದಕ್ಕೆ ಮೊದಲು ನನಗೆ ಒದಗಿರಲಿಲ್ಲ.

ಬೆಳಗ್ಗೆ ಬಿಸಿಲೇರುವ ಮುನ್ನವೇ ಒಬ್ಬ ಅಜ್ಜಿ ಬಂದರು. ಸೆರಗಿನ ಗಂಟನ್ನು ಬಿಚ್ಚಿ ಗುರುತಿನ ಚೀಟಿಯನ್ನು ಮೇಜಿನ ಮೇಲಿಟ್ಟರು. ಚೀಟಿಯಲ್ಲಿದ್ದ ಚಿತ್ರ ಇಪ್ಪತ್ತು ವರ್ಷಕ್ಕಿಂತ ಹಳೆಯದು. ತುಂಬಿದ ಕೆನ್ನೆಯ, ದಟ್ಟ ಕೂದಲಿನ ನಡುವಯಸ್ಸಿನ ಹೆಂಗಸೊಬ್ಬರ ಮುಖ. ಎದುರಿಗಿದ್ದುದು ಬತ್ತಿದ ಕೆನ್ನೆ, ಬೆಳ್ಳಗಾದ ತಲೆ. ನಾನು ಚಿತ್ರವನ್ನೂ ಮುಖವನ್ನೂ ಎರಡೆರಡು ಸಲ ನೋಡಿದುದನ್ನು ಕಂಡು ಅವರೇ ಹೇಳಿದರು: "ಅದು ನಾನೇ ಯಪ್ಪಾ. ಆಗ ಹಲ್ಲಿದ್ವು, ಈಗಿಲ್ಲ. ಅಷ್ಟೇ." ಎದುರಾಳಿ ಪಕ್ಷಗಳ ಏಜೆಂಟರು ಒಟ್ಟಿಗೆ ನಕ್ಕು, "ನಮ್ಮೂರ ಅವ್ವನೇ ಸಾರ್, ನಮಗೆಲ್ಲ ಗೊತ್ತೈತಿ" ಎಂದರು. ಅಜ್ಜಿ ಮತ ಹಾಕಿ ಹೋದರು.

ಹತ್ತು ಗಂಟೆಯ ಸುಮಾರಿಗೆ ಒಬ್ಬ ಯುವಕ ಬಂದನು. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಮತ ಹಾಕಬೇಕೆಂದೇ ರಾತ್ರಿ ಬಸ್ಸು ಹತ್ತಿ ಬಂದಿದ್ದನು. ಆತನ ಚೀಟಿ ಹೊಳಪು ಮಾಸದ ಪ್ಲಾಸ್ಟಿಕ್ಕಿನದು. ಚಿತ್ರವು ಕನ್ನಡಿಯಲ್ಲಿ ಕಂಡಂತೆ ಸ್ಪಷ್ಟವಾಗಿತ್ತು. ಆದರೆ ಮತದಾರರ ಪಟ್ಟಿಯಲ್ಲಿ ಆತನ ಹೆಸರು ಇರಲಿಲ್ಲ. ಊರು ಬಿಟ್ಟವನೆಂದು ಯಾವಾಗಲೋ ತೆಗೆದುಹಾಕಿದ್ದರು. "ಚೀಟಿ ಕೊಟ್ಟೋರೂ ನೀವೇ, ಇಲ್ಲ ಅನ್ನೋರೂ ನೀವೇ ಏನ್ ಸಾರ್?" ಎಂದು ಆತನು ಕೇಳಿದನು. ನಾನು ಆತನನ್ನು ಹಿಂದಕ್ಕೆ ಕಳುಹಿಸಬೇಕಾಯಿತು.

ಚಿತ್ರ ಹೋಲದವರು ಮತ ಹಾಕಿದರು. ಚಿತ್ರ ಅಚ್ಚುಕಟ್ಟಾಗಿ ಹೋಲಿದವನು ಹಾಕಲಿಲ್ಲ. ಇದು ನ್ಯಾಯವೇ? ಭಾವಚಿತ್ರವಿರುವ ಗುರುತಿನ ಚೀಟಿ ಮತದಾನದಲ್ಲಿ ಮಾಡುವ ಕೆಲಸ ಯಾವುದು, ಮಾಡಲಾರದ ಕೆಲಸ ಯಾವುದು ಎಂಬುದನ್ನು ತಿಳಿದರೆ ಹೊರತು ಈ ಪ್ರಶ್ನೆಗೆ ಉತ್ತರ ದೊರೆಯದು.

ಮತಗಟ್ಟೆಯ ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆಗಳು ಮೂರು. ಈ ಹೆಸರಿನವರಿಗೆ ಇಲ್ಲಿ ಮತದ ಹಕ್ಕುಂಟೆ? ಬಂದಿರುವವರು ಆ ಹೆಸರಿನವರೇ ಹೌದೆ? ಹೌದಾದರೆ, ಅವರು ಈ ಮೊದಲೇ ಬಂದು ಹೋಗಿಲ್ಲ ತಾನೆ? ಮೊದಲನೆಯದಕ್ಕೆ ಮತದಾರರ ಪಟ್ಟಿ, ಮೂರನೆಯದಕ್ಕೆ ಬೆರಳಿನ ಶಾಯಿ. ನಡುವಣ ಪ್ರಶ್ನೆಯೊಂದಕ್ಕೆ ಮಾತ್ರ ಭಾವಚಿತ್ರ. ಆದರೂ ನಾವು ಆ ಚೀಟಿಯನ್ನು 'ವೋಟರ್ ಐಡಿ' ಎಂದು ಕರೆದು, ಅದು ಕೈಯಲ್ಲಿದ್ದರೆ ಹಕ್ಕೇ ಕೈಯಲ್ಲಿದ್ದಂತೆ ಎಂದು ಭಾವಿಸುತ್ತೇವೆ. ಆ ಯುವಕನೂ ಹಾಗೆಯೇ ಭಾವಿಸಿದ್ದನು.

ಸ್ವತಂತ್ರ ಭಾರತದ ಮೊದಲನೆಯ ಮಹಾಚುನಾವಣೆ ೧೯೫೧-೫೨ರಲ್ಲಿ ನಡೆದಾಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಅವು ಮೈಸೂರು ರಾಜ್ಯಕ್ಕೆ ಬಂದುದು ೧೯೫೩ರ ಅಕ್ಟೋಬರ್ ೧ರಂದು. ಆ ಚುನಾವಣೆಯಲ್ಲಿ ಚಿತ್ರವಿರಲಿಲ್ಲ, ಗುರುತೆಂದರೆ ಹೆಸರು. ಹೆಸರೂ ಸುಲಭವಾಗಿ ದೊರೆಯಲಿಲ್ಲ. ಉತ್ತರದ ಹಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಪರಪುರುಷನಿಗೆ ಹೇಳಲೊಪ್ಪದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದೇ ಬರೆಯಿಸಿದ್ದರು. ಹಾಗೆ ಸ್ವಂತ ಹೆಸರಿಲ್ಲದ ಸುಮಾರು ೨೮ ಲಕ್ಷ ಹೆಂಗಸರನ್ನು ಮೊದಲನೆಯ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಪಟ್ಟಿಯಿಂದ ಕೈಬಿಡಬೇಕಾಯಿತು. ಗುರುತು ಬಿಗಿಯಾದಾಗಲೆಲ್ಲ ಯಾರೋ ಕೆಲವರು ಹೊರಗುಳಿಯುತ್ತಾರೆ ಎಂಬುದಕ್ಕೆ ಇದು ನಮ್ಮ ಗಣರಾಜ್ಯದ ಮೊದಲ ನಿದರ್ಶನ.

ಚಿತ್ರದ ಪ್ರಯೋಗ ೧೯೬೦ರಲ್ಲಿ ಕಲ್ಕತ್ತೆಯ ನೈರುತ್ಯ ಲೋಕಸಭಾ ಕ್ಷೇತ್ರದ ಉಪಚುನಾವಣೆಗಾಗಿ ನಡೆಯಿತು. ೩.೪೨ ಲಕ್ಷ ಮತದಾರರಲ್ಲಿ ೨.೧೩ ಲಕ್ಷ ಜನರ ಛಾಯಾಚಿತ್ರ ತೆಗೆಯುವುದಷ್ಟೇ ಸಾಧ್ಯವಾಯಿತು. ಹತ್ತು ತಿಂಗಳು ದುಡಿದರೂ ಮೂರರಲ್ಲಿ ಒಂದು ಪಾಲು ಉಳಿದೇಹೋಯಿತು. ಆ ಕಾಲದ ಛಾಯಾಚಿತ್ರವೆಂದರೆ ಫಿಲ್ಮು, ಕತ್ತಲೆಕೋಣೆ, ರಾಸಾಯನಿಕ ದ್ರಾವಣಗಳು. ದೇಶಕ್ಕೆಲ್ಲ ಅದನ್ನು ಹರಡುವ ವೆಚ್ಚವನ್ನು ನೆನೆದು ಸರಕಾರ ಕೈಬಿಟ್ಟಿತು. ೧೯೭೯ರಲ್ಲಿ ಪುಟ್ಟ ರಾಜ್ಯವಾದ ಸಿಕ್ಕಿಮಿನಲ್ಲಿ ಚಿತ್ರವಿರುವ ಚೀಟಿಗಳನ್ನು ಕೊಟ್ಟರು. ಇಡೀ ದೇಶಕ್ಕೆ ಆಜ್ಞೆ ಹೊರಟುದು ೧೯೯೩ರ ಆಗಸ್ಟಿನಲ್ಲಿ, ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ. ೨೦೦೯ರ ಲೋಕಸಭಾ ಚುನಾವಣೆಯ ಹೊತ್ತಿಗೆ ದೇಶದ ಬಹುಪಾಲು ಕಡೆ ಮತದಾರರ ಪಟ್ಟಿಯಲ್ಲಿಯೇ ಹೆಸರಿನ ಪಕ್ಕದಲ್ಲಿ ಚಿತ್ರ ಮುದ್ರಿತವಾಗತೊಡಗಿತು.

ಈಗ ಚಿತ್ರವನ್ನೇ ಪರೀಕ್ಷಿಸೋಣ. ಮುಖ ಮೂರು ಆಯಾಮಗಳ ವಸ್ತು. ಚಿತ್ರಕ್ಕೆ ಎರಡೇ ಆಯಾಮ. ಒಂದು ಆಯಾಮ ಕಳೆದುಹೋಗುವಾಗ ಏನಾಗುವುದೆಂಬುದು ಕ್ಯಾಮೆರಾ ಎಷ್ಟು ದೂರದಲ್ಲಿತ್ತು ಎಂಬುದನ್ನು ಅವಲಂಬಿಸಿದೆ. ಮೂಗಿನ ತುದಿಯಿಂದ ಕಿವಿಯವರೆಗಿನ ಆಳ ಸುಮಾರು ೧೨ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ ೨ ಮೀಟರ್ ದೂರದಲ್ಲಿದ್ದರೆ ಕಿವಿಯ ದೂರ ೨೧೨ ಸೆಂಟಿಮೀಟರ್. ಚಿತ್ರದಲ್ಲಿ ಮೂಗು ಕಿವಿಗಿಂತ ನೂರಕ್ಕೆ ಆರು ಪಾಲಷ್ಟು ಮಾತ್ರ ದೊಡ್ಡದಾಗಿ ಮೂಡುವುದು. ಕಣ್ಣಿಗೆ ಅದು ತಿಳಿಯುವುದಿಲ್ಲ. ಅದೇ ಕ್ಯಾಮೆರಾವನ್ನು ೪೦ ಸೆಂಟಿಮೀಟರಿಗೆ ತಂದರೆ ಅನುಪಾತ ೫೨ಕ್ಕೆ ೪೦. ಎಂದರೆ ಮೂಗು ನೂರಕ್ಕೆ ಮೂವತ್ತು ಪಾಲು ಉಬ್ಬಿ, ಕಿವಿಗಳು ಹಿಂದಕ್ಕೆ ಸರಿದು, ಮುಖ ಉದ್ದವಾಗುವುದು. ಇಕ್ಕಟ್ಟಾದ ಕೊಠಡಿಯಲ್ಲಿ ಮೇಜಿನ ಮೇಲಿನ ಸಣ್ಣ ಕ್ಯಾಮೆರಾಕ್ಕೆ ಮುಖವೊಡ್ಡಿ ಚಿತ್ರ ತೆಗೆಸಿಕೊಂಡವರು ತಮ್ಮ ಚೀಟಿಯನ್ನು ಕಂಡು 'ಇದು ನಾನೇನೆ?' ಎಂದು ಬೆರಗಾಗುವುದು ಅವರ ತಪ್ಪಲ್ಲ. ಅದು ಜ್ಯಾಮಿತಿಯ ತಪ್ಪು. ಇದರ ಮೇಲೆ ತಲೆಯ ಮೇಲಿನಿಂದ ಬೀಳುವ ದೀಪದ ಬೆಳಕು ಕಣ್ಣಿನ ಗುಳಿಗಳಿಗೆ ನೆರಳು ಕಟ್ಟುತ್ತದೆ. ಕೊನೆಗೆ ಇವೆಲ್ಲವೂ ಹೆಬ್ಬೆರಳಿನ ಗಾತ್ರದ ಮುದ್ರಣದೊಳಗೆ ಅಡಗಬೇಕು.

ಇಷ್ಟಾದರೂ ಅಜ್ಜಿಯನ್ನು ಏಜೆಂಟರು ಒಂದು ಕ್ಷಣದಲ್ಲಿ ಗುರುತಿಸಿದರು. ನಾನು ಗುರುತಿಸಲಾರದೆ ಹೋದೆ. ಇದರಲ್ಲಿ ಒಂದು ದೊಡ್ಡ ತತ್ತ್ವ ಅಡಗಿದೆ. ಪರಿಚಿತ ಮುಖವನ್ನು ಗುರುತಿಸುವುದೂ, ಅಪರಿಚಿತ ಮುಖವನ್ನು ಒಂದು ಚಿತ್ರದೊಡನೆ ತಾಳೆ ನೋಡುವುದೂ ಬೇರೆ ಬೇರೆ ಕೆಲಸಗಳು. ಪರಿಚಿತರನ್ನು ನಾವು ಬಿಸಿಲಿನಲ್ಲಿ, ದೀಪದಲ್ಲಿ, ನಗುವಾಗ, ಕೋಪಗೊಂಡಾಗ ಸಾವಿರ ಸಲ ಕಂಡಿರುತ್ತೇವೆ. ಮಿದುಳಿನಲ್ಲಿ ಅವರ ಒಂದು ಚಿತ್ರವಲ್ಲ, ಎಲ್ಲ ಚಿತ್ರಗಳ ಸಾರವೇ ನೆಲೆಸಿರುತ್ತದೆ. ಆದುದರಿಂದ ಮಸುಕಾದ ಚಿತ್ರವೂ ಸಾಕು. ಹಿಂದಿನಿಂದ ನಡಿಗೆ ಕಂಡರೂ ಸಾಕು. ಅಪರಿಚಿತರ ವಿಷಯದಲ್ಲಿ ನಾವು ರೇಖೆಗಳನ್ನೂ ನೆರಳುಗಳನ್ನೂ ಹೋಲಿಸುತ್ತೇವೆಯೇ ಹೊರತು ಮನುಷ್ಯನನ್ನಲ್ಲ.

ಇದು ಬರಿಯ ಊಹೆಯಲ್ಲ. ೧೯೯೭ರಲ್ಲಿ ಪ್ರಕಟವಾದ ಒಂದು ಬ್ರಿಟಿಷ್ ಪ್ರಯೋಗದಲ್ಲಿ ದೊಡ್ಡ ಅಂಗಡಿಯೊಂದರ ಗಲ್ಲದ ನೌಕರರಿಗೆ ಭಾವಚಿತ್ರವಿರುವ ಕ್ರೆಡಿಟ್ ಕಾರ್ಡುಗಳನ್ನು ಪರೀಕ್ಷಿಸಲು ಕೊಟ್ಟರು. ಬೇರೆಯವರ ಚಿತ್ರವಿದ್ದ ಕಾರ್ಡುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅವರು ಒಪ್ಪಿಕೊಂಡುಬಿಟ್ಟರು. ಅವರು ವ್ಯಾಪಾರದವರು, ಪರಿಣತರಲ್ಲ ಎನ್ನಬಹುದು. ೨೦೧೪ರಲ್ಲಿ ಆಸ್ಟ್ರೇಲಿಯದ ಪಾಸ್‌ಪೋರ್ಟ್ ಅಧಿಕಾರಿಗಳನ್ನೇ ಪರೀಕ್ಷಿಸಿದರು. ಮುಖ ನೋಡುವುದೇ ಅವರ ಉದ್ಯೋಗ. ಅವರೂ ಬೇರೆಯವರ ಚಿತ್ರವನ್ನು ನೂರಕ್ಕೆ ೧೪ ಸಲ ಒಪ್ಪಿದರು. ನಿಜವಾದವರ ಚಿತ್ರವನ್ನು ನೂರಕ್ಕೆ ೬ ಸಲ ತಿರಸ್ಕರಿಸಿದರು. ಎರಡು ತಾಸಿನ ತರಬೇತಿ ಪಡೆದು ಮತಗಟ್ಟೆಯಲ್ಲಿ ಕುಳಿತ ಮೇಷ್ಟರು ಇವರಿಗಿಂತ ಚೆನ್ನಾಗಿ ಮಾಡಬಲ್ಲರೆಂದು ನಂಬಲು ನನಗೆ ಕಾರಣವಿಲ್ಲ.

ಈ ಸಂಖ್ಯೆಗಳನ್ನು ಹಿಡಿದು ಒಂದು ಲೆಕ್ಕ ಮಾಡೋಣ. ಮತಗಟ್ಟೆಗೆ ಸಾವಿರ ಜನ ಬರುತ್ತಾರೆ, ಅವರಲ್ಲಿ ಐವರು ಬೇರೆಯವರ ಹೆಸರಿನಲ್ಲಿ ಬಂದ ಮೋಸಗಾರರು ಎಂದು ಕಲ್ಪಿಸಿಕೊಳ್ಳಿ. ಅಧಿಕಾರಿ ಚಿತ್ರವೊಂದನ್ನೇ ನಂಬುವವನಾದರೆ ಐವರಲ್ಲಿ ನಾಲ್ವರನ್ನು ಹಿಡಿದಾನು. ಆದರೆ ಪ್ರಾಮಾಣಿಕರಾದ ೯೯೫ ಜನರಲ್ಲಿ ನೂರಕ್ಕೆ ಆರರಂತೆ ಸುಮಾರು ೬೦ ಮಂದಿಯನ್ನೂ ಹೊರಗೆ ಹಾಕಿಯಾನು. ಅನುಮಾನಕ್ಕೆ ಗುರಿಯಾದ ೬೪ ಜನರಲ್ಲಿ ೬೦ ಮಂದಿ ನಿರಪರಾಧಿಗಳು! ಅಧಿಕಾರಿಯು ಅಸಡ್ಡೆ ಮಾಡಿದುದರಿಂದ ಹೀಗಾಗುವುದಲ್ಲ. ಮೋಸಗಾರರು ವಿರಳವಾಗಿರುವುದರಿಂದ ಹೀಗಾಗುವುದು. ವಿರಳವಾದ ದೋಷವನ್ನು ಹುಡುಕುವ ಯಾವ ಪರೀಕ್ಷೆಗೂ, ಅದು ರೋಗಪರೀಕ್ಷೆಯೇ ಆಗಲಿ, ಈ ಲೆಕ್ಕ ತಪ್ಪಿದ್ದಲ್ಲ. ಚಿತ್ರ ಹೋಲದಿರುವುದು ವಿಚಾರಣೆಗೆ ಆರಂಭವಾಗಬಹುದು, ಅದೇ ತೀರ್ಪಾಗಕೂಡದು.

ನಮ್ಮ ನಿಯಮಗಳನ್ನು ಬರೆದವರಿಗೆ ಈ ಲೆಕ್ಕ ತಿಳಿದಿತ್ತೋ ಇಲ್ಲವೋ, ನಿಯಮಗಳು ಮಾತ್ರ ಅದಕ್ಕೆ ಹೊಂದಿಕೊಂಡಿವೆ. ೨೦೨೪ರ ಚುನಾವಣೆಗೆ ಆಯೋಗವು ಕೊಟ್ಟ ಆದೇಶದಂತೆ ಚೀಟಿಯಲ್ಲಿನ ಸಣ್ಣಪುಟ್ಟ ಬರಹದ ತಪ್ಪುಗಳನ್ನು ಅಲಕ್ಷಿಸಬೇಕು. ಚಿತ್ರ ಹೋಲದೆ ಗುರುತು ಸಿಕ್ಕದಿದ್ದರೆ, ಅಥವಾ ಚೀಟಿಯೇ ಇಲ್ಲದಿದ್ದರೆ, ಬೇರೆ ಹನ್ನೆರಡು ದಾಖಲೆಗಳಲ್ಲಿ ಒಂದನ್ನು ತೋರಿಸಬಹುದು. ಆಧಾರ್, ವಾಹನ ಚಾಲನೆಯ ಪರವಾನಗಿ, ಪಾಸ್‌ಪೋರ್ಟ್ ಇವು ಪಟ್ಟಣದವರಿಗೆ ನೆನಪಾಗುವಂಥವು. ಉದ್ಯೋಗ ಖಾತರಿಯ ಜಾಬ್ ಕಾರ್ಡು, ಬ್ಯಾಂಕಿನ ಅಥವಾ ಅಂಚೆ ಕಚೇರಿಯ ಚಿತ್ರವಿರುವ ಪಾಸ್‌ಬುಕ್ಕು, ಚಿತ್ರವಿರುವ ಪಿಂಚಣಿ ದಾಖಲೆ, ಅಂಗವಿಕಲರ ಗುರುತಿನ ಚೀಟಿ ಇವು ಹೊಸಹಳ್ಳಿಯಂಥ ಊರಿನವರಿಗೆ ಹೆಚ್ಚು ಉಪಯೋಗಕ್ಕೆ ಬರುವಂಥವು. ಆದರೆ ಮನೆಮನೆಗೆ ಹಂಚುವ ಮತದಾರರ ಮಾಹಿತಿ ಚೀಟಿ ಮಾತ್ರ ೨೦೧೯ರಿಂದೀಚೆಗೆ ಗುರುತಿನ ದಾಖಲೆಯಲ್ಲ. ಅದನ್ನೊಂದನ್ನೇ ಹಿಡಿದು ಬಂದು ಮತ್ತೆ ಮನೆಗೆ ಓಡಿದವರು ಆ ದಿನ ನಮ್ಮಲ್ಲಿ ಹಲವರಿದ್ದರು.

ಪರಿಚಿತರ ಕಣ್ಣಿಗೂ ಕಾನೂನಿನಲ್ಲಿ ಸ್ಥಾನವುಂಟು. ೧೯೬೧ರ ಚುನಾವಣಾ ನಡವಳಿಯ ನಿಯಮಗಳ ಪ್ರಕಾರ, ಮತದಾರರನ್ನು ಗುರುತಿಸಲು ನೆರವಾಗುವಂತೆ ಅಧ್ಯಕ್ಷಾಧಿಕಾರಿಯು ತನಗೆ ತಕ್ಕವರೆಂದು ತೋರಿದವರನ್ನು ನೇಮಿಸಿಕೊಳ್ಳಬಹುದು. ಏಜೆಂಟನಿಗೆ ಅನುಮಾನವಿದ್ದರೆ ಎರಡು ರೂಪಾಯಿ ಠೇವಣಿಯಿಟ್ಟು ಆಕ್ಷೇಪಿಸಬಹುದು. ೧೯೬೧ರ ಎರಡು ರೂಪಾಯಿಗೆ ತೂಕವಿತ್ತು. ಮೊತ್ತ ಮಾತ್ರ ಬದಲಾಗಿಲ್ಲ. ಒಬ್ಬರನ್ನೊಬ್ಬರು ನಂಬದ ಇಬ್ಬರು ಏಜೆಂಟರು 'ಈಕೆ ಈಕೆಯೇ' ಎಂದು ಒಟ್ಟಿಗೆ ಹೇಳಿದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯವನ್ನು ನಾನು ಕಾಣೆ. ಈ ಅನುಕೂಲ ಬೆಂಗಳೂರಿನ ಬಡಾವಣೆಗಿಲ್ಲ. ಅಲ್ಲಿ ಪಕ್ಕದ ಮನೆಯವರ ಮುಖವೂ ಅಪರಿಚಿತ. ಚಿತ್ರದ ಅಗತ್ಯ ಅಲ್ಲಿಯೇ ಹೆಚ್ಚು, ಚಿತ್ರದ ತಪ್ಪೂ ಅಲ್ಲಿಯೇ ಹೆಚ್ಚು.

ನಿಮ್ಮ ಹೆಸರಿನಲ್ಲಿ ಬೇರೊಬ್ಬರು ಆಗಲೇ ಮತ ಹಾಕಿಬಿಟ್ಟಿದ್ದರೂ ನೀವು ಬರಿಗೈಯಲ್ಲಿ ಹಿಂದಿರುಗಬೇಕಾಗಿಲ್ಲ. ನಿಮ್ಮ ಗುರುತಿನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಸರಿಯಾಗಿ ಉತ್ತರ ಕೊಟ್ಟರೆ ಯಂತ್ರಕ್ಕೆ ಬದಲಾಗಿ ಕಾಗದದ ಮತಪತ್ರ ಕೊಡುತ್ತಾರೆ. ಅದನ್ನು ಪ್ರತ್ಯೇಕ ಲಕೋಟೆಯಲ್ಲಿ ಇರಿಸುತ್ತಾರೆ.

ಬ್ರಿಟನ್ನಿನಲ್ಲಿ ಉತ್ತರ ಐರ್ಲೆಂಡನ್ನು ಬಿಟ್ಟರೆ ಇತ್ತೀಚಿನವರೆಗೂ ಹೆಸರು ಹೇಳಿದರೆ ಸಾಕಾಗಿತ್ತು. ೨೦೨೨ರ ಚುನಾವಣಾ ಕಾಯಿದೆಯ ಬಳಿಕ, ೨೦೨೩ರ ಮೇ ೪ರಂದು ಇಂಗ್ಲೆಂಡಿನ ಸ್ಥಳೀಯ ಚುನಾವಣೆಗಳಲ್ಲಿ ಮೊದಲ ಬಾರಿಗೆ ಚಿತ್ರವಿರುವ ದಾಖಲೆ ಕಡ್ಡಾಯವಾಯಿತು. ಅಂದು ದಾಖಲೆಯಿಲ್ಲದೆ ಮತ ಹಾಕಲಾಗದೆ ಹೋದವರು ಸುಮಾರು ೧೪,೦೦೦ ಎಂದು ಅಲ್ಲಿನ ಚುನಾವಣಾ ಆಯೋಗ ಎಣಿಸಿತು. ಮರುವರ್ಷದ ಮೇ ೨ರಂದು ಒಬ್ಬ ಮತದಾರರು ದಾಖಲೆ ಮರೆತು ಬಂದು ಹಿಂದಕ್ಕೆ ಕಳುಹಿಸಲ್ಪಟ್ಟರು. ಅವರ ಹೆಸರು ಬೋರಿಸ್ ಜಾನ್ಸನ್. ಆ ಕಾಯಿದೆ ಬಂದುದು ಅವರು ಪ್ರಧಾನಿಯಾಗಿದ್ದಾಗಲೇ. ಪ್ರಪಂಚಕ್ಕೆಲ್ಲ ಪರಿಚಿತವಾದ ಮುಖವೂ ಚಿತ್ರವಿಲ್ಲದೆ ಸಾಗಲಿಲ್ಲ. ಅವರು ಬಳಿಕ ದಾಖಲೆಯೊಡನೆ ಬಂದು ಮತ ಹಾಕಿದರು. ಬಸ್ಸಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿದವರಿಗೆ ಅಂಥ ಎರಡನೆಯ ಅವಕಾಶ ಸುಲಭವಲ್ಲ.

ಮೂರನೆಯ ಪ್ರಶ್ನೆಯ ಉತ್ತರ ಕನ್ನಡನಾಡಿನಲ್ಲಿಯೇ ತಯಾರಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಆರಂಭವಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆಯು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸೂತ್ರವನ್ನನುಸರಿಸಿ ೧೯೬೨ರಿಂದ ಚುನಾವಣೆಯ ಶಾಯಿಯನ್ನು ಒದಗಿಸುತ್ತ ಬಂದಿದೆ. ೨೦೨೪ರ ಲೋಕಸಭಾ ಚುನಾವಣೆಗೆ ೨೬ ಲಕ್ಷಕ್ಕೂ ಹೆಚ್ಚು ಸೀಸೆಗಳು ಅಲ್ಲಿಂದ ಹೊರಟವು. ೧೦ ಮಿಲಿಲೀಟರಿನ ಒಂದು ಸೀಸೆ ಸುಮಾರು ೭೦೦ ಬೆರಳುಗಳಿಗೆ ಸಾಕು.

ಈ ಶಾಯಿಯ ಜೀವಾಳ ಬೆಳ್ಳಿಯ ನೈಟ್ರೇಟ್. ಹಚ್ಚಿದೊಡನೆ ಅದು ಚರ್ಮದ ಬೆವರಿನ ಉಪ್ಪಿನೊಡನೆ ಸೇರಿ ಬೆಳ್ಳಿಯ ಕ್ಲೋರೈಡ್ ಆಗುತ್ತದೆ. ಇದು ನೀರಿನಲ್ಲಿ ಕರಗದು. ಮೇಲೆ ಬೆಳಕು ಬಿದ್ದರೆ ಅದು ಒಡೆದು, ಬೆಳ್ಳಿಯ ಅತಿಸೂಕ್ಷ್ಮ ಕಣಗಳು ಹೊರಬಂದು ಕಪ್ಪಾಗಿ ಕಾಣುತ್ತವೆ. ಬೆಳ್ಳಿಯ ಲವಣಗಳು ಬೆಳಕಿಗೆ ಕಪ್ಪಾಗುವುದನ್ನು ಜರ್ಮನಿಯ ಷುಲ್ಟ್ಸೆ ಎಂಬಾತನು ೧೮ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ತೋರಿಸಿದ್ದನು. ಛಾಯಾಚಿತ್ರಕಲೆ ಹುಟ್ಟಿದುದೂ ಇದೇ ಕ್ರಿಯೆಯಿಂದ. ಕಲ್ಕತ್ತೆಯಲ್ಲಿ ೧೯೬೦ರಲ್ಲಿ ತೆಗೆದ ಆ ಕಪ್ಪುಬಿಳುಪು ಚಿತ್ರಗಳನ್ನು ಮೂಡಿಸಿದುದೂ ಬೆಳ್ಳಿ, ಬೆರಳಿನ ಗುರುತನ್ನು ಮೂಡಿಸುವುದೂ ಬೆಳ್ಳಿ. ಚರ್ಮದ ಮೇಲ್ಪದರ ಉದುರುವವರೆಗೂ ಕಲೆ ಉಳಿಯುತ್ತದೆ. ಉಗುರಾದರೋ ತಿಂಗಳಿಗೆ ಸುಮಾರು ೩ ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ ಅಲ್ಲಿನ ಗೆರೆ ವಾರಗಟ್ಟಲೆ ಇರುತ್ತದೆ.

ಶಾಯಿಗೂ ಚಿತ್ರಕ್ಕೂ ಇರುವ ಅಂತರವನ್ನು ಗಮನಿಸಬೇಕು. ಶಾಯಿಯನ್ನು ನೋಡುವವನಿಗೆ ಯಾರ ಪರಿಚಯವೂ ಬೇಕಿಲ್ಲ, ಹೋಲಿಕೆಯ ಜಾಣತನವೂ ಬೇಕಿಲ್ಲ. ಕಲೆ ಇದೆ ಅಥವಾ ಇಲ್ಲ. ಎಡಗೈಯ ತೋರುಬೆರಳಿಲ್ಲದವರಿಗೆ ಆ ಕೈಯ ಬೇರೊಂದು ಬೆರಳು, ಅದೂ ಇಲ್ಲದಿದ್ದರೆ ಬಲಗೈ, ಬೆರಳುಗಳೇ ಇಲ್ಲದವರಿಗೆ ತೋಳಿನ ತುದಿ ಎಂದು ನಿಯಮವು ಯಾರನ್ನೂ ಬಿಡದೆ ಹೇಳಿದೆ.

ಹೀಗೆ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಮತಗಟ್ಟೆಯಲ್ಲಿ ಪರಿಹಾರಗಳುಂಟು. ಮೊದಲನೆಯದಕ್ಕೆ ಅಲ್ಲಿ ಏನೂ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದರೆ ಬೇರೆ ಕ್ಷೇತ್ರದಲ್ಲಿ ಕೊಟ್ಟ ಹಳೆಯ ಚೀಟಿಯನ್ನೂ ಒಪ್ಪಬೇಕು. ಹೆಸರಿಲ್ಲದಿದ್ದರೆ ಯಾವ ಚೀಟಿಯೂ ನಡೆಯದು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದ ಮೇಲೆ ಪಟ್ಟಿಗೆ ಒಂದು ಹೆಸರನ್ನೂ ಸೇರಿಸಕೂಡದು ಎಂದು ೧೯೫೦ರ ಪ್ರಜಾಪ್ರಾತಿನಿಧ್ಯ ಕಾಯಿದೆ ವಿಧಿಸಿದೆ. ಮತದಾನದ ದಿನ ಬೆಳಗ್ಗೆ ನನ್ನ ಮುಂದೆ ನಿಂತವನಿಗೆ ನಾನು ಮಾಡಬಹುದಾದುದು ಏನೂ ಇರಲಿಲ್ಲ.

ಆದರೆ ಅದೇ ಕಾಯಿದೆಯ ೨೦ನೆಯ ಪ್ರಕರಣದಲ್ಲಿ ಇನ್ನೊಂದು ಮಾತಿದೆ. ತಾತ್ಕಾಲಿಕವಾಗಿ ಊರು ಬಿಟ್ಟು ಹೋದ ಮಾತ್ರಕ್ಕೆ ಒಬ್ಬನು ಆ ಊರಿನ ನಿವಾಸಿಯಲ್ಲ ಎಂದಾಗುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿಯ ಕಡೆಯಿಂದ ದುಡಿಮೆಗೆ ಹೊರಟು, ಬಿತ್ತನೆಗೋ ಹಬ್ಬಕ್ಕೋ ಮರಳುವವರು ಎಷ್ಟು ಮಂದಿ! ಮನೆಗೆ ಬೀಗ ಹಾಕಿರುವುದನ್ನು ಕಂಡು 'ವಲಸೆ' ಎಂದು ಬರೆಯುವುದು ಸುಲಭ; ಆ ಒಂದು ಪದ ಎಂಥ ಸ್ಪಷ್ಟವಾದ ಭಾವಚಿತ್ರವನ್ನೂ ನಿಷ್ಪ್ರಯೋಜಕ ಮಾಡಿಬಿಡುತ್ತದೆ. ಅಂಥವರು ವರ್ಷಕ್ಕೊಮ್ಮೆ, ಚುನಾವಣೆಯ ಸದ್ದಿಲ್ಲದಿರುವಾಗಲೇ, ಪಟ್ಟಿಯಲ್ಲಿ ತಮ್ಮ ಹೆಸರನ್ನು ನೋಡಿಕೊಳ್ಳಬೇಕು. ಹೆಸರು ಹೋಗಿದ್ದರೆ ನಮೂನೆ ೬; ಮನೆ ಬದಲಾಯಿಸಿದವರಿಗೂ, ಚಿತ್ರ ಹಳತಾಗಿ ಹೊಸದನ್ನು ಹಾಕಿಸಬೇಕೆನ್ನುವವರಿಗೂ ನಮೂನೆ ೮. ಊರಿನ ಮತಗಟ್ಟೆ ಮಟ್ಟದ ಅಧಿಕಾರಿಯ ಬಳಿ ಎರಡೂ ದೊರೆಯುತ್ತವೆ.

ಸಂಜೆ ಮತಯಂತ್ರಗಳಿಗೆ ಮುದ್ರೆ ಹಾಕಿ ಹೊರಡುವಾಗ ಆ ಅಜ್ಜಿ ಶಾಲೆಯ ಎದುರಿನ ಕಟ್ಟೆಯ ಮೇಲೆ ಕುಳಿತಿದ್ದರು. ಚೀಟಿಗೆ ಹೊಸ ಚಿತ್ರ ಹಾಕಿಸಿಕೊಳ್ಳಿ ಅವ್ವಾ, ಮುಂದಿನ ಸಲ ಬರುವ ಮೇಷ್ಟರಿಗೆ ಸುಲಭವಾಗುತ್ತದೆ ಎಂದೆ. "ಹಾಕಿಸ್ತೀನಿ ಬಿಡಪ್ಪಾ, ಮೊದಲು ಹಲ್ಲು ಕಟ್ಟಿಸ್ಕೊಂಡು ಬರ್ತೀನಿ" ಎಂದರು.